ಸೆಕೆಂಡರಿ ಸೀಟು ಕೇಳಿದ ಕಡೆ ಸಿಗದಿದ್ದರೆ: ಇಂಗ್ಲೆಂಡಿನ ಕನ್ನಡ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ 1 ಆಫರ್ ಡೇ. ಅದು ವಾರಾಂತ್ಯಕ್ಕೆ ಬಿದ್ದರೆ ಮುಂದಿನ ಕೆಲಸದ ದಿನ. ಹಿಂದಿನ ಅಕ್ಟೋಬರ್ 31ರೊಳಗೆ ಅರ್ಜಿ ಹಾಕಿದ ಇಯರ್ ಸಿಕ್ಸ್ (ಪ್ರೈಮರಿಯ ಕೊನೆಯ ವರ್ಷ) ಮಕ್ಕಳ ಮನೆಗಳಿಗೆಲ್ಲ ಅವತ್ತು ಕೌನ್ಸಿಲ್‌ನಿಂದ ಉತ್ತರ ಬರುತ್ತದೆ. ಅದಾದ ಅರ್ಧ ಗಂಟೆಯಲ್ಲಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಅಭಿನಂದನೆ, ಅಳು, ಗಾಳಿಮಾತು ಮೂರೂ ಒಟ್ಟಿಗೆ ಶುರುವಾಗುತ್ತವೆ. ಅಲ್ಲಿ ವರ್ಷವರ್ಷವೂ ತಿರುಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದೆ. ಇದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ನಿಯಮ ಬೇರೆ. ಕೆಳಗೆ ‘ಕೋಡ್’ ಎಂದಲ್ಲೆಲ್ಲ 2021ರ ಶಾಲಾ ಪ್ರವೇಶ ಸಂಹಿತೆ ಅಥವಾ 2022ರ ಅಪೀಲು ಸಂಹಿತೆ ಎಂದು ಓದಿಕೊಳ್ಳಿ. ಎಲ್ಲ ಸರ್ಕಾರಿ ಶಾಲೆಗಳೂ, ಅಕಾಡೆಮಿಗಳೂ (ಸರ್ಕಾರದ ಹಣದಲ್ಲಿ, ಕೌನ್ಸಿಲ್‌ನ ಕೈಕೆಳಗಿಲ್ಲದೆ ನಡೆಯುವ ಶಾಲೆಗಳು) ಅದಕ್ಕೆ ಬದ್ಧ.

ಇಷ್ಟವಿಲ್ಲದ ಶಾಲೆ ಸಿಕ್ಕಿದೆ. ಒಪ್ಪಿಕೊಳ್ಳಬೇಕಾ, ಬೇಡವಾ?

ಒಪ್ಪಿಕೊಳ್ಳಿ. ಇವತ್ತೇ ಬೇಡ, ಕೊಟ್ಟಿರುವ ಗಡುವಿನೊಳಗೆ ಸಾಕು (ಸಾಮಾನ್ಯವಾಗಿ ಎರಡು ವಾರ ಇರುತ್ತದೆ). ಆದರೆ ಒಪ್ಪಿಕೊಳ್ಳಿ.

ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದು. ಕೊಟ್ಟ ಸೀಟನ್ನು ಒಪ್ಪಿಕೊಂಡ ಮಾತ್ರಕ್ಕೆ ವೇಟಿಂಗ್ ಲಿಸ್ಟಿನಲ್ಲಿ ನಿಮ್ಮ ಜಾಗ ಕೆಳಗಿಳಿಯುವುದಿಲ್ಲ. ಅಪೀಲಿನ ಹಕ್ಕೂ ಹೋಗುವುದಿಲ್ಲ. ‘ಒಪ್ಪಿಕೊಂಡರೆ ನಮಗೆ ಅಷ್ಟೇನೂ ಬೇಕಿರಲಿಲ್ಲ ಅಂದುಕೊಳ್ಳುತ್ತಾರೆ’ ಎನ್ನುವುದು ಶುದ್ಧ ಸುಳ್ಳು. ಅಪೀಲಿನ ವಿಚಾರಣೆ ಮಾಡುವವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ. ಅದೇ ಸೀಟನ್ನು ತಿರಸ್ಕರಿಸಿದರೆ, ಇನ್ನೊಂದು ಸೀಟು ಹುಡುಕಿಕೊಡುವ ಆತುರ ಕೌನ್ಸಿಲ್‌ಗೆ ಇರುವುದಿಲ್ಲ. ಸೆಪ್ಟೆಂಬರಿನಲ್ಲಿ ಮಗು ಮನೆಯಲ್ಲಿ ಕೂತರೆ ಕಾನೂನಿನ ಪ್ರಕಾರ ಜವಾಬ್ದಾರಿ ತಂದೆತಾಯಿಯದು. ಎರಡು ದೋಣಿಯ ಮೇಲೆ ಕಾಲಿಡಬಾರದು ಅನ್ನುತ್ತಾರೆ. ಇಲ್ಲಿ ಇಡಬೇಕು, ಮೂರು ದೋಣಿ ಸಿಕ್ಕಿದರೆ ಮೂರರ ಮೇಲೂ.

ಹಿಂದಿನ ಬೀದಿಯ ಮಗುವಿಗೆ ಸಿಕ್ಕಿತು, ನಮ್ಮದಕ್ಕೆ ಯಾಕಿಲ್ಲ?

ಅರ್ಜಿಗಳು ಸೀಟುಗಳಿಗಿಂತ ಹೆಚ್ಚು ಬಂದಾಗ ಶಾಲೆ ತಾನು ಮೊದಲೇ ಪ್ರಕಟಿಸಿದ ಆದ್ಯತೆಯ ಪಟ್ಟಿಯ ಪ್ರಕಾರ ಸೀಟು ಹಂಚುತ್ತದೆ. ಇಎಚ್‌ಸಿಪಿಯಲ್ಲಿ (ವಿಶೇಷ ಅಗತ್ಯಗಳಿರುವ ಮಗುವಿಗೆ ಕೌನ್ಸಿಲ್ ಮಾಡಿಕೊಡುವ ಯೋಜನೆ) ಆ ಶಾಲೆಯ ಹೆಸರಿರುವ ಮಕ್ಕಳಿಗೆ ಸೀಟು ಕೊಡಲೇಬೇಕು. ಆಮೇಲೆ ಕೌನ್ಸಿಲ್ ಪಾಲನೆಯಲ್ಲಿರುವ ಅಥವಾ ಹಿಂದೆ ಇದ್ದ ಮಕ್ಕಳು. ಅಲ್ಲಿಂದ ಮುಂದೆ ಒಂದೊಂದು ಶಾಲೆಯದು ಒಂದೊಂದು ರೀತಿ. ಒಂದು ಕಡೆ ಅಣ್ಣ ಅಕ್ಕ ಅಲ್ಲೇ ಓದುತ್ತಿರಬೇಕು, ಇನ್ನೊಂದು ಕಡೆ ಕ್ಯಾಚ್‌ಮೆಂಟ್ (ಶಾಲೆ ಗುರುತಿಸಿದ ಸುತ್ತಲಿನ ಪ್ರದೇಶ), ಮತ್ತೊಂದು ಕಡೆ ಫೀಡರ್ (ಆ ಶಾಲೆ ಹೆಸರಿಸಿದ) ಪ್ರೈಮರಿ ಶಾಲೆ, ಚರ್ಚ್ ಹಾಜರಿ. ಕೆಲವು ಕಡೆ ಎಲ್ಲರಿಗೂ ಪರೀಕ್ಷೆ ಇಟ್ಟು ಎಲ್ಲ ಮಟ್ಟದ ಮಕ್ಕಳನ್ನೂ ಸಮವಾಗಿ ತೆಗೆದುಕೊಳ್ಳುವ ಬ್ಯಾಂಡಿಂಗ್ ಇದೆ, ಕೆಲವು ಕಡೆ ನೇರವಾಗಿ ಲಾಟರಿ. ದೂರ ಸಾಮಾನ್ಯವಾಗಿ ಕೊನೆಯ ಮಾನದಂಡ.

ಆ ದೂರವನ್ನೂ ಎಲ್ಲರೂ ಒಂದೇ ರೀತಿ ಅಳೆಯುವುದಿಲ್ಲ. ಕೆಲವರು ನಕ್ಷೆಯ ಮೇಲೆ ನೇರ ಗೆರೆ ಎಳೆಯುತ್ತಾರೆ, ಕೆಲವರು ನಡೆಯುವ ದಾರಿ ಹಿಡಿಯುತ್ತಾರೆ. ನಿಮ್ಮ ಫೋನಿನ ಮ್ಯಾಪ್ ತೋರಿಸುವುದು ಲೆಕ್ಕಕ್ಕಿಲ್ಲ. ಮೇಲಿನ ಮಾನದಂಡಗಳಲ್ಲೇ ಸೀಟೆಲ್ಲ ಮುಗಿದರೆ ಪಕ್ಕದ ಮನೆಯ ಮಗುವಿಗೂ ಸಿಗುವುದಿಲ್ಲ. ಹೆಚ್ಚಿನ ಕೌನ್ಸಿಲ್‌ಗಳು ಹಿಂದಿನ ವರ್ಷ ಕೊನೆಯ ಸೀಟು ಎಷ್ಟು ದೂರದವರಿಗೆ ಹೋಯಿತೆಂದು ಪ್ರಕಟಿಸುತ್ತವೆ. ಮನೆ ಕೊಳ್ಳುವ ಮೊದಲು ನೋಡಬೇಕಾದ ಅಂಕಿ ಅದು, ಎಸ್ಟೇಟ್ ಏಜೆಂಟ್ ಹೇಳುವ ‘ಗುಡ್ ಸ್ಕೂಲ್ ಏರಿಯಾ’ ಅಲ್ಲ. ಅದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಇನ್ನೊಂದು: ಶಾಲೆ ಪಕ್ಕದ ಕೌನ್ಸಿಲ್‌ನಲ್ಲಿದೆ, ಆದ್ದರಿಂದ ನಮಗೆ ಕೊಡುವುದಿಲ್ಲ ಎಂದು ಅನೇಕರು ಬರೆಯುವುದೇ ಇಲ್ಲ. ಕೌನ್ಸಿಲ್ ಗಡಿಯೊಂದನ್ನೇ ನೋಡಿ ಹೊರಗಿನವರನ್ನು ಹಿಂದಕ್ಕೆ ತಳ್ಳುವಂತಿಲ್ಲ ಎಂದು 1989ರ ಗ್ರೆನಿಚ್ ತೀರ್ಪು ಹೇಳಿದೆ. ಗಡಿಗೆ ಹತ್ತಿರ ಇರುವವರಿಗೆ ಇದರಿಂದ ದೊಡ್ಡ ಉಪಯೋಗ.

ಎರಡನೆಯದಾಗಿ ಬರೆದಿದ್ದಕ್ಕೆ ಆ ಶಾಲೆ ನಮ್ಮನ್ನು ಬಿಟ್ಟಿತಾ?

ಇಲ್ಲ. ನೀವು ಎಷ್ಟನೆಯದಾಗಿ ಬರೆದಿರಿ ಎಂಬುದು ಶಾಲೆಗೆ ಕಾಣುವುದೇ ಇಲ್ಲ. ಪ್ರತಿ ಶಾಲೆಯೂ ತನಗೆ ಬಂದ ಎಲ್ಲ ಹೆಸರುಗಳನ್ನು ತನ್ನ ಮಾನದಂಡದ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಎರಡು ಮೂರು ಶಾಲೆಗಳಲ್ಲಿ ನಿಮಗೆ ಸೀಟು ಬರುವಂತಿದ್ದರೆ, ನೀವು ಮೇಲೆ ಬರೆದದ್ದನ್ನು ಕೌನ್ಸಿಲ್ ಕೊಡುತ್ತದೆ, ಕೆಳಗಿನವು ಬೇರೆಯವರಿಗೆ ಹೋಗುತ್ತವೆ. ‘ಮೊದಲನೆಯದಾಗಿ ಬರೆದವರಿಗೆ ಮೊದಲು’ ಎನ್ನುವ ಪದ್ಧತಿ ಹಿಂದೊಮ್ಮೆ ಇತ್ತು. 2007ರ ಕೋಡ್ ಅದನ್ನು ನಿಷೇಧಿಸಿತು. ಗುಂಪುಗಳಲ್ಲಿ ಈಗಲೂ ಅದೇ ಸಲಹೆ ಹರಿದಾಡುತ್ತಿದೆ!

ಕಿರಿಯ ಮಗುವಿನ ಸರದಿ ಬಂದಾಗ ಮಾಡಬೇಕಾದ್ದು ಇಷ್ಟೇ: ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ, ಕೊಟ್ಟ ಸಾಲುಗಳನ್ನೆಲ್ಲ ತುಂಬಿ (ಕನಿಷ್ಠ 3 ಇರುತ್ತವೆ, ಲಂಡನ್ನಿನಲ್ಲಿ 6), ಕೊನೆಯ ಸಾಲಿನಲ್ಲಿ ದೂರದ ಲೆಕ್ಕದಲ್ಲಿ ಖಂಡಿತ ಸಿಗುವಂಥ ಒಂದು ಶಾಲೆ ಇರಲಿ. ಒಂದೇ ಶಾಲೆಯನ್ನು ಮೂರು ಸಲ ಬರೆದರೆ ಅದು ಒಂದು ಸಲ ಬರೆದಂತೆಯೇ.

ಕೊಟ್ಟ ಶಾಲೆಯನ್ನು ನಾವು ಬರೆದೇ ಇರಲಿಲ್ಲವಲ್ಲ?

ಬರೆದ ಯಾವುದರಲ್ಲೂ ಸೀಟು ಬರದಿದ್ದರೆ, ಖಾಲಿ ಇರುವ ಶಾಲೆಯೊಂದನ್ನು, ಸಾಮಾನ್ಯವಾಗಿ ಖಾಲಿ ಇರುವವುಗಳಲ್ಲಿ ಹತ್ತಿರದ್ದನ್ನು, ಕೌನ್ಸಿಲ್ ಕೊಡುತ್ತದೆ. ಇದು ನಿಮ್ಮೊಬ್ಬರಿಗೇ ಆದದ್ದಲ್ಲ. ಇಡೀ ಇಂಗ್ಲೆಂಡಿನಲ್ಲಿ ಮೊದಲ ಆಯ್ಕೆ ಸಿಗುವುದು ನೂರಕ್ಕೆ ಸುಮಾರು 83 ಮಕ್ಕಳಿಗೆ, ಲಂಡನ್ನಿನಲ್ಲಿ ಸುಮಾರು 70 ಮಕ್ಕಳಿಗೆ. ಹಾಗಾಗಿ ರಾಜಧಾನಿಯಲ್ಲಿ ಹತ್ತರಲ್ಲಿ ಮೂರು ಮನೆಗಳಲ್ಲಿ ಅವತ್ತು ರಾತ್ರಿ ಯಾರೋ ಒಬ್ಬರು ಮುಖ ಸಪ್ಪೆ ಮಾಡಿಕೊಂಡಿರುತ್ತಾರೆ.

ವೇಟಿಂಗ್ ಲಿಸ್ಟಿನಲ್ಲಿ 14ನೆಯವರು. ಆಸೆ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬಹುದು, ಆದರೆ ಲಿಸ್ಟ್ ಹೇಗೆ ನಡೆಯುತ್ತದೆಂದು ತಿಳಿದುಕೊಂಡು. ಇದು ರೈಲಿನ ಆರ್‌ಎಸಿ ಅಲ್ಲ. ಮೊದಲು ಸೇರಿದವರು ಮೇಲೆ ಎಂಬುದಿಲ್ಲ. ಸೀಟು ಹಂಚಿದ ಅದೇ ಮಾನದಂಡಗಳ ಪ್ರಕಾರವೇ ಇಲ್ಲಿಯೂ ಸಾಲು. ಮೇ ತಿಂಗಳಲ್ಲಿ ಯಾರೋ ಶಾಲೆಯ ಗೇಟಿನೆದುರು ಮನೆ ಮಾಡಿ ಲಿಸ್ಟಿಗೆ ಸೇರಿದರೆ ಅವರು ನಿಮಗಿಂತ ಮೇಲೆ ಬರುತ್ತಾರೆ, ನೀವು 14ರಿಂದ 15ಕ್ಕೆ ಇಳಿಯುತ್ತೀರಿ. ಅನ್ಯಾಯ ಅನ್ನಿಸುತ್ತದೆ, ಆದರೆ ನಿಯಮ ಅದೇ.

ಲಿಸ್ಟ್ ಅಲುಗಾಡುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಮಾರ್ಚ್ ಮಧ್ಯದಲ್ಲಿ ಒಪ್ಪಿಗೆಯ ಗಡುವು ಮುಗಿದಾಗ ಪ್ರೈವೇಟಿಗೆ ಹೋಗುವವರು ಸೀಟು ಬಿಡುತ್ತಾರೆ. ಬೇರೆ ಶಾಲೆಯ ಲಿಸ್ಟಿನಲ್ಲಿ ಸೀಟು ಸಿಕ್ಕವರು ಇಲ್ಲಿಯದನ್ನು ಬಿಡುತ್ತಾರೆ. ಬೇಸಿಗೆಯಲ್ಲಿ ಊರು ಬದಲಿಸುವವರು ಇದ್ದಾರೆ. ಸೆಪ್ಟೆಂಬರಿನ ಮೊದಲ ವಾರ ಬಾರದೇ ಇರುವ ಮಕ್ಕಳ ಸೀಟುಗಳೂ ತೆರೆದುಕೊಳ್ಳುತ್ತವೆ. ದೊಡ್ಡ ಶಾಲೆಗಳಲ್ಲಿ ಇಪ್ಪತ್ತು ಸ್ಥಾನ ಮೇಲೇರುವುದು ಅಪರೂಪವಲ್ಲ. ಸಣ್ಣ ಶಾಲೆಯಲ್ಲಿ ನಾಲ್ಕನೆಯವರೂ ಅಲ್ಲೇ ಉಳಿಯಬಹುದು.

ಲಿಸ್ಟಿಗೆ ನಿಮ್ಮ ಹೆಸರು ತಾನಾಗಿಯೇ ಸೇರಿದೆಯಾ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಕೆಲವು ಕೌನ್ಸಿಲ್‌ಗಳು ಸಿಕ್ಕ ಶಾಲೆಗಿಂತ ಮೇಲೆ ಬರೆದ ಎಲ್ಲದಕ್ಕೂ ಸೇರಿಸುತ್ತವೆ, ಕೆಲವು ಕಡೆ ಕೇಳಿಯೇ ಸೇರಿಸಿಕೊಳ್ಳಬೇಕು. ಮೊದಲು ಬರೆಯದೇ ಇದ್ದ ಶಾಲೆಗೂ ಈಗ ಅರ್ಜಿ ಹಾಕಬಹುದು. ಯಾವ ಶಾಲೆಗಳಲ್ಲಿ ಸೀಟು ಉಳಿದಿದೆ ಎಂದು ಕೌನ್ಸಿಲ್‌ನ ಅಡ್ಮಿಷನ್ಸ್ ವಿಭಾಗಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಈ ಫೋನನ್ನು ಬಹಳ ಜನ ಮಾಡುವುದೇ ಇಲ್ಲ. ಕೋಡಿನ ಪ್ರಕಾರ ಲಿಸ್ಟನ್ನು ಕನಿಷ್ಠ ಡಿಸೆಂಬರ್ 31ರ ತನಕ ಇಡಬೇಕು. ಆಮೇಲೂ ಬೇಕಿದ್ದರೆ ಹೆಸರು ಮುಂದುವರಿಸಲು ಹೇಳಬೇಕಾದೀತು.

ಯಾರಿಗಾದರೂ ಹೇಳಿಸಿದರೆ ಆಗುತ್ತದಾ? ಡೊನೇಷನ್?

ಊರಿನ ಅಭ್ಯಾಸ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆಗುವುದಿಲ್ಲ. ಸರ್ಕಾರಿ ಶಾಲೆ ಪ್ರವೇಶಕ್ಕೆಂದು ದೇಣಿಗೆ ಕೇಳುವುದೇ ಕೋಡಿಗೆ ವಿರುದ್ಧ. ಕೌನ್ಸಿಲರ್, ಎಂಪಿ ಪತ್ರ ಬರೆದುಕೊಟ್ಟರೂ ವೇಟಿಂಗ್ ಲಿಸ್ಟಿನಲ್ಲಿ ಒಂದು ಸ್ಥಾನವೂ ಮೇಲೆ ಹೋಗುವುದಿಲ್ಲ. ಹೆಡ್‌ಟೀಚರಿಗೆ ಸಿಹಿ ಡಬ್ಬ ತೆಗೆದುಕೊಂಡು ಹೋಗಿ ಕಷ್ಟ ಹೇಳಿಕೊಳ್ಳುವುದೂ ವ್ಯರ್ಥ, ಪಾಪ ಅವರಿಗೂ ಮುಜುಗರ.

ಅಪೀಲು ಹಾಕಿದರೆ ಗೆಲ್ಲುವ ಸಾಧ್ಯತೆ ಎಷ್ಟು?

ವಿಚಾರಣೆಗೆ ಬಂದ ಸೆಕೆಂಡರಿ ಅಪೀಲುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಸರಿಸುಮಾರು ಐದರಲ್ಲಿ ಒಂದು ಗೆದ್ದಿದೆ. ರಿಸೆಪ್ಷನ್ (ಪ್ರೈಮರಿಯ ಮೊದಲ ವರ್ಷ) ತರಗತಿಗಿಂತ ಇದು ಎಷ್ಟೋ ವಾಸಿ. ಅಲ್ಲಿ ಒಬ್ಬ ಟೀಚರಿಗೆ 30 ಮಕ್ಕಳ ಮಿತಿ ಕಾನೂನಿನಲ್ಲೇ ಇದೆ. ಸೆಕೆಂಡರಿಗೆ ಆ ಮಿತಿ ಇಲ್ಲ. ಹಾಗಾಗಿ ‘ಪಕ್ಕದ ಮನೆಯವರ ರಿಸೆಪ್ಷನ್ ಅಪೀಲು ಸೋತಿತು’ ಎಂದು ನೀವು ಕೈಚೆಲ್ಲಿ ಕೂರಬೇಕಿಲ್ಲ.

ಖರ್ಚಿಲ್ಲ. ಸೀಟು ನಿರಾಕರಿಸಿದ ಪ್ರತಿ ಶಾಲೆಗೂ ಬೇರೆ ಬೇರೆ ಅಪೀಲು ಹಾಕಬಹುದು. ದುಡ್ಡು ತೆಗೆದುಕೊಂಡು ಅಪೀಲು ಬರೆದುಕೊಡುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಎಲ್ಲರಿಗೂ ಹೊಂದುವ ಪತ್ರವನ್ನು ವಿಚಾರಣೆ ಮಾಡುವ ಪ್ಯಾನೆಲ್‌ನವರು ಎರಡನೇ ಸಾಲಿಗೇ ಗುರುತಿಸುತ್ತಾರೆ.

ಅಪೀಲು ಹೇಗೆ ನಡೆಯುತ್ತದೆ?

ನಿರಾಕರಣೆ ತಿಳಿದ ಮೇಲೆ ಅಪೀಲು ಹಾಕಲು ಕನಿಷ್ಠ 20 ಶಾಲಾ ದಿನ ಇರುತ್ತದೆ. ಖಚಿತ ತಾರೀಖು ಶಾಲೆಯ ಅಥವಾ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಫೆಬ್ರವರಿ 28ರೊಳಗೇ ಬಂದಿರಬೇಕು. ಆ ಗಡುವಿನಿಂದ 40 ಶಾಲಾ ದಿನಗಳೊಳಗೆ ವಿಚಾರಣೆ, ಅಂದರೆ ಹೆಚ್ಚಿನವು ಮೇ, ಜೂನ್‌ನಲ್ಲಿ. ದಿನಾಂಕವನ್ನು ಕನಿಷ್ಠ 10 ಶಾಲಾ ದಿನ ಮುಂಚೆ ತಿಳಿಸಬೇಕು. ವಿಚಾರಣೆ ಎದುರಾ ಎದುರು ಇರಬಹುದು, ವಿಡಿಯೋದಲ್ಲಿ ಇರಬಹುದು. ಗೆಳೆಯರನ್ನೋ ನೆಂಟರನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು. ಇಂಗ್ಲಿಷಿನಲ್ಲಿ ವಾದ ಮಾಡಲು ಹಿಂಜರಿಕೆ ಇರುವವರು ಈ ಸೌಲಭ್ಯ ಬಿಡಬೇಡಿ.

ಮೇಜಿನ ಆ ಕಡೆ ಪ್ಯಾನೆಲ್‌ನ ಮೂವರು ಕೂತಿರುತ್ತಾರೆ. ಶಾಲೆಗೂ ಅವರಿಗೂ ಸಂಬಂಧವಿಲ್ಲ. ಒಬ್ಬರಾದರೂ ಶಿಕ್ಷಣ ಕ್ಷೇತ್ರದಲ್ಲಿ ಅನುಭವ ಇರುವವರು, ಒಬ್ಬರಾದರೂ ಅದರ ಹೊರಗಿನವರು. ಪಕ್ಕದಲ್ಲಿ ಬರೆದುಕೊಳ್ಳುವ ಕ್ಲರ್ಕ್. ಇನ್ನೊಂದು ಪಕ್ಕ ಶಾಲೆಯ ಪರವಾಗಿ ಮಾತನಾಡುವವರು.

ಮೊದಲ ಹಂತದಲ್ಲಿ ನೀವು ಇನ್ನೂ ನಿಮ್ಮ ಮಗುವಿನ ವಿಷಯ ಎತ್ತಬೇಕಿಲ್ಲ. ಮಾತು ಶಾಲೆಯದು: ನಿಯಮ ಕಾನೂನುಬದ್ಧವಾಗಿದೆಯಾ, ಸರಿಯಾಗಿ ಅನ್ವಯಿಸಿದರಾ, ಇನ್ನೊಂದು ಮಗು ಬಂದರೆ ಶಾಲೆಗೆ ನಿಜವಾಗಿ ತೊಂದರೆಯಾ. ಶಾಲೆಯವರು ಕಾರಿಡಾರ್ ಕಿರಿದು, ಊಟದ ಹಾಲ್ ಸಾಲದು, ಸೈನ್ಸ್ ಲ್ಯಾಬಿನಲ್ಲಿ ಜಾಗವಿಲ್ಲ ಎನ್ನುತ್ತಾರೆ. ಆಗ ನೀವು ಪ್ರಶ್ನೆ ಕೇಳಬಹುದು, ಕೇಳಲೇಬೇಕು. ಅವರ ಪ್ರವೇಶ ಸಂಖ್ಯೆ (ಒಂದು ವರ್ಷಕ್ಕೆ ಸೇರಿಸಿಕೊಳ್ಳುವ ಮಕ್ಕಳು) 180 ಅಂತಿಟ್ಟುಕೊಳ್ಳಿ. ‘ಈಗ ಇಯರ್ ಏಯ್ಟ್‌ನಲ್ಲಿ ಎಷ್ಟು ಮಕ್ಕಳಿದ್ದಾರೆ?’ ‘ನೂರ ಎಂಬತ್ತೇಳು.’ ‘ಹೆಚ್ಚಿನ ಆ ಏಳು ಮಕ್ಕಳಿಂದ ಪಾಠಕ್ಕೆ ಏನು ತೊಂದರೆಯಾಯಿತು?’ ಇಂಥ ಒಂದು ಪ್ರಶ್ನೆ, ಹತ್ತು ನಿಮಿಷದ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಶಾಲೆಯ ಕಾಗದಪತ್ರ ವಿಚಾರಣೆಗೆ ಮುಂಚೆ ನಿಮ್ಮ ಕೈ ಸೇರುತ್ತದೆ. ಅದರ ಅಂಕಿಗಳನ್ನು ಪೆನ್ನು ಹಿಡಿದು ಓದಿ. ಬೇಕಾದ ಮಾಹಿತಿ ಅದರಲ್ಲಿ ಇಲ್ಲದಿದ್ದರೆ ಮೊದಲೇ ಬರೆದು ಕೇಳಿ.

ಎರಡನೇ ಹಂತ ತಕ್ಕಡಿಯದು. ಶಾಲೆಗೆ ಆಗುವ ತೊಂದರೆ ಒಂದು ಕಡೆ, ಆ ಶಾಲೆ ಸಿಗದಿದ್ದರೆ ನಿಮ್ಮ ಮಗುವಿಗೆ ಆಗುವ ತೊಂದರೆ ಇನ್ನೊಂದು ಕಡೆ. ಯಾವುದು ಭಾರವೋ ಅದರ ಪರ ತೀರ್ಪು. 5 ಶಾಲಾ ದಿನಗಳೊಳಗೆ ಪತ್ರ ಬರುತ್ತದೆ, ಗೆದ್ದರೆ ಶಾಲೆ ಸೀಟು ಕೊಡಲೇಬೇಕು.

ಸೋತರೆ ಅದೇ ಶಾಲೆಗೆ ಅದೇ ವರ್ಷ ಮತ್ತೆ ಅಪೀಲು ಸಾಮಾನ್ಯವಾಗಿ ಇಲ್ಲ. ಪರಿಸ್ಥಿತಿ ಗಣನೀಯವಾಗಿ ಬದಲಾಗಿದ್ದರೆ ಮಾತ್ರ ಬೇರೆ ಮಾತು. ವಿಚಾರಣೆ ನಡೆಸಿದ ರೀತಿಯಲ್ಲೇ ಲೋಪವಿದ್ದರೆ ದೂರು ಕೊಡಬಹುದು: ಕೌನ್ಸಿಲ್ ಶಾಲೆಗಳ ಬಗ್ಗೆ ಸ್ಥಳೀಯ ಸರ್ಕಾರದ ಓಂಬುಡ್ಸ್‌ಮನ್‌ಗೆ, ಅಕಾಡೆಮಿಗಳ ಬಗ್ಗೆ ಶಿಕ್ಷಣ ಇಲಾಖೆಗೆ. ಅವರು ಸೀಟು ಕೊಡಿಸುವುದಿಲ್ಲ. ಲೋಪ ಕಂಡರೆ ಮತ್ತೆ ವಿಚಾರಣೆ ಆಗಬಹುದು. ಇಎಚ್‌ಸಿಪಿ ಇರುವ ಮಕ್ಕಳ ದಾರಿ ಬೇರೆ, ಅವರದು ವಿಶೇಷ ಅಗತ್ಯಗಳ ಟ್ರಿಬ್ಯೂನಲ್‌ಗೆ.

ಅಪೀಲು ಪತ್ರದಲ್ಲಿ ಏನು ಬರೆಯಬೇಕು?

‘ಈ ಶಾಲೆಯೇ ಯಾಕೆ’ ಎಂಬುದಕ್ಕೆ ಉತ್ತರ. ‘ಆ ಶಾಲೆ ಯಾಕೆ ಬೇಡ’ ಎಂಬುದಕ್ಕಲ್ಲ. ಬರುವ ಕರಡುಗಳಲ್ಲಿ ಮುಕ್ಕಾಲು ಪಾಲು ಎಡವುವುದು ಇಲ್ಲೇ. ಸಿಕ್ಕ ಶಾಲೆಯ ಹುಡುಗರು ಬಸ್ ಸ್ಟಾಪಿನಲ್ಲಿ ಗಲಾಟೆ ಮಾಡುತ್ತಾರೆ, ಫಲಿತಾಂಶ ಕಡಿಮೆ, ರೆಡಿಟ್‌ನಲ್ಲಿ ಕೆಟ್ಟದಾಗಿ ಬರೆದಿದ್ದಾರೆ: ಇದರಿಂದ ತಕ್ಕಡಿ ಒಂದಿಷ್ಟೂ ಅಲುಗುವುದಿಲ್ಲ. ‘ಈ ಶಾಲೆಗಾಗಿಯೇ ಇಲ್ಲಿ ಮನೆ ಕೊಂಡೆವು’, ‘ನಮ್ಮ ಮಗಳು ತುಂಬ ಜಾಣೆ’, ‘ಕುಟುಂಬಕ್ಕೆ ಬಹಳ ನೋವಾಗಿದೆ’ ಎನ್ನುವುದೂ ಅಷ್ಟೇ. ಎಲ್ಲರೂ ಬರೆಯುವುದು ಅದನ್ನೇ.

ತೂಕ ಬರುವುದು ನಿರ್ದಿಷ್ಟ ವಿಷಯಕ್ಕೆ, ಮತ್ತು ಅದರ ಹಿಂದೆ ಪುರಾವೆ ಇದ್ದಾಗ. ತೀವ್ರ ಆಸ್ತಮಾ ಇರುವ ಮಗು ಎರಡು ಬಸ್ ಬದಲಿಸಿ ಹೋಗಬೇಕಾದರೆ, ಆ ಪ್ರಯಾಣದ ಅಪಾಯವನ್ನೇ ಹೆಸರಿಸಿ ಬರೆದ ಆಸ್ಪತ್ರೆಯ ತಜ್ಞರ ಪತ್ರ ಬೇಕು. ‘ಈ ಮಗು ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದೆ’ ಎಂಬ ಒಂದು ಸಾಲಿನ ಜಿಪಿ ಪತ್ರ ಸಾಲದು. ಪ್ರೈಮರಿಯಲ್ಲಿ ಕಾಟ ಕೊಟ್ಟ ಮಕ್ಕಳೆಲ್ಲ ಸಿಕ್ಕ ಶಾಲೆಗೇ ಹೋಗುತ್ತಿದ್ದರೆ, ಪ್ರೈಮರಿ ಶಾಲೆಯಿಂದಲೇ ಅದರ ದಾಖಲೆ ಪಡೆಯಿರಿ. ಮಗುವಿಗೆ ಚೆಲೋ ಕಲಿಯುವ ಹುಚ್ಚಿದ್ದು, ಈ ಶಾಲೆಯಲ್ಲಿ ಆರ್ಕೆಸ್ಟ್ರಾ ಇದ್ದು, ಸಿಕ್ಕ ಶಾಲೆಯಲ್ಲಿ ತಂತಿವಾದ್ಯದ ಪಾಠವೇ ಇಲ್ಲದಿದ್ದರೆ, ಗ್ರೇಡ್ ಪ್ರಮಾಣಪತ್ರ ಮತ್ತು ಟೀಚರ್ ಪತ್ರ ಲಗತ್ತಿಸಿ. ಶಾಲೆಯ ವೆಬ್‌ಸೈಟಿನಿಂದ ಎತ್ತಿ ಬರೆದ ಹೊಗಳಿಕೆ ಬೇಡ.

ಎರಡು ಪುಟ ಸಾಕು. ಬರೆದು ಮುಗಿಸಿದ ಮೇಲೆ ಮಗುವಿನ ಹೆಸರು ತೆಗೆದು ಬೇರೆ ಹೆಸರು ಹಾಕಿ ಓದಿ ನೋಡಿ. ಆಗಲೂ ಪತ್ರ ಸರಿಹೋಗುತ್ತಿದ್ದರೆ ಮತ್ತೆ ಬರೆಯಿರಿ.

ಗ್ರಾಮರ್ ಶಾಲೆ (ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವ ಸರ್ಕಾರಿ ಶಾಲೆ) ಕೈತಪ್ಪಿತು. ಅದಕ್ಕೂ ಅಪೀಲು ಇದೆಯಾ?

ಇದೆ. ಆದರೆ ನಿಮ್ಮದು ಎರಡರಲ್ಲಿ ಯಾವುದು ಎಂದು ಮೊದಲು ನೋಡಿ. ಪಾಸಾಗಿಯೂ ದೂರದ ಕಾರಣಕ್ಕೆ ಸೀಟು ಸಿಗದಿದ್ದರೆ ಮೇಲೆ ಹೇಳಿದ ಮಾಮೂಲಿ ಅಪೀಲು. ಅಂಕ ಕಡಿಮೆ ಬಂದಿದ್ದರೆ, ಮಗು ಆ ಮಟ್ಟದ್ದೇ ಎಂಬುದಕ್ಕೆ ಶಾಲೆಯ ಕೆಲಸ, ಟೀಚರ್ ಅಂದಾಜು ಮುಂತಾದ ಓದಿನ ಪುರಾವೆ, ಅವತ್ತು ಯಾಕೆ ಹಾಗಾಯಿತು ಎಂಬುದಕ್ಕೆ ಕಾರಣ ಎರಡೂ ಬೇಕು. ಆ ಪ್ರದೇಶದಲ್ಲಿ ಫಲಿತಾಂಶ ಮರುಪರಿಶೀಲಿಸುವ ವ್ಯವಸ್ಥೆ ಇದ್ದು, ಅದು ಈಗಾಗಲೇ ನಿಮ್ಮ ಮಗುವನ್ನು ತಿರಸ್ಕರಿಸಿದ್ದರೆ, ಆ ಪರಿಶೀಲನೆ ನ್ಯಾಯವಾಗಿ ನಡೆಯಿತಾ ಎಂಬುದನ್ನಷ್ಟೇ ಪ್ಯಾನೆಲ್ ಮೊದಲು ನೋಡುತ್ತದೆ.

ಇಡೀ ಇಂಗ್ಲೆಂಡಿಗೆ ಇರುವುದೇ 163 ಗ್ರಾಮರ್ ಶಾಲೆಗಳು. ನಮ್ಮವರಲ್ಲಿ ಅವುಗಳ ಪ್ರವೇಶ ಪರೀಕ್ಷೆ ಇಲೆವೆನ್ ಪ್ಲಸ್ ಎಂದರೆ ಸಿಇಟಿ ರ‍್ಯಾಂಕಿನ ಹಾಗೆ ಆಗಿಬಿಟ್ಟಿದೆ. ಹತ್ತು ವರ್ಷದ ಮಗು ಅದರಲ್ಲಿ ‘ಫೇಲ್’ ಆಯಿತೆಂದು ಊರಿನ ನೆಂಟರಿಗೆಲ್ಲ ಸುದ್ದಿ ಮುಟ್ಟಿಸುವುದನ್ನು ದಯವಿಟ್ಟು ಬಿಡಿ.

ನಾವು ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದೇವೆ. ಅಪೀಲು, ಗೀಪೀಲು ಅಂತ ಹೋದರೆ ತೊಂದರೆಯಾ?

ಇಲ್ಲ. ವೀಸಾದ ಮೇಲಿರುವ ‘ಪಬ್ಲಿಕ್ ಫಂಡ್ಸ್ ಇಲ್ಲ’ ಎಂಬ ಷರತ್ತಿಗೆ ಸರ್ಕಾರಿ ಶಾಲೆಯ ಓದು ಸೇರುವುದಿಲ್ಲ. ಪೌರತ್ವ ಅಥವಾ ವೀಸಾ ನೋಡಿ ಶಾಲೆ ಸೀಟು ನಿರಾಕರಿಸುವಂತಿಲ್ಲ. ಅಪೀಲಿನ ಹಕ್ಕು ಎಲ್ಲರಿಗೂ ಒಂದೇ.

ಬೆಂಗಳೂರಿನಿಂದ ವರ್ಷದ ಮಧ್ಯೆ ಬರುವವರದು ಇನ್-ಇಯರ್ ಅರ್ಜಿ. ಬಂದು ಮನೆ ಮಾಡಿದ ಮೇಲೆ ಟೆನೆನ್ಸಿ ಪತ್ರದೊಂದಿಗೆ ಹಾಕುವುದು ವಾಡಿಕೆ. 15 ಶಾಲಾ ದಿನಗಳೊಳಗೆ ಉತ್ತರ ಬರಬೇಕು. ಯಾವ ತರಗತಿ ಎಂಬುದು ಸೆಪ್ಟೆಂಬರ್ 1ರಿಂದ ಆಗಸ್ಟ್ 31ರ ಲೆಕ್ಕದ ವಯಸ್ಸಿನ ಮೇಲೆ. ಊರಿನಲ್ಲಿ ಯಾವ ಕ್ಲಾಸ್ ಮುಗಿಸಿದ್ದಾರೆ ಎಂಬುದನ್ನು ಅಷ್ಟಾಗಿ ನೋಡುವುದಿಲ್ಲ.

ಶಾಲೆಯ ಹತ್ತಿರ ಆರು ತಿಂಗಳಿಗೆ ಬಾಡಿಗೆ ಮನೆ ಮಾಡಿದರೆ?

ನಿಜವಾಗಿಯೂ ಮನೆ ಬದಲಿಸಿದರೆ ಸರಿ, ವೇಟಿಂಗ್ ಲಿಸ್ಟಿನಲ್ಲಿ ಹೊಸ ವಿಳಾಸದ ಲೆಕ್ಕ ಹಿಡಿಯುತ್ತಾರೆ. ಸ್ವಂತ ಮನೆಯನ್ನು ಇಟ್ಟುಕೊಂಡೇ ಹೆಸರಿಗೆ ಬಾಡಿಗೆ ಮಾಡುವುದು ಬೇಡ. ಕೌನ್ಸಿಲ್ ಟ್ಯಾಕ್ಸ್ ದಾಖಲೆ ಅವರ ಕೈಯಲ್ಲೇ ಇರುತ್ತದೆ. ಸುಳ್ಳು ವಿಳಾಸದಿಂದ ಪಡೆದ ಸೀಟನ್ನು ವಾಪಸ್ ತೆಗೆದುಕೊಳ್ಳಬಹುದು, ತೆಗೆದುಕೊಂಡೂ ಇದ್ದಾರೆ.

ಪ್ರೈವೇಟ್ ಶಾಲೆಗೆ ಹಾಕಿಬಿಡೋಣವಾ?

ಏಳು ವರ್ಷದ ಲೆಕ್ಕ ಹಾಕಿ, ಒಂದು ವರ್ಷದ್ದಲ್ಲ. 2025ರ ಜನವರಿ 1ರಿಂದ ಫೀಸಿನ ಮೇಲೆ ಶೇ 20 ವ್ಯಾಟ್ ಇದೆ. ಯೂನಿಫಾರ್ಮ್, ಕೋಚ್ ಬಸ್, ಟ್ರಿಪ್ ಬೇರೆ. ಕೆಲವು ಶಾಲೆಗಳು ಆದಾಯ ನೋಡಿ ಬರ್ಸರಿ (ಫೀಸಿನಲ್ಲಿ ರಿಯಾಯಿತಿ) ಕೊಡುತ್ತವೆ, ಮಾರ್ಚ್ ಆದ ಮೇಲೂ ಕೇಳಿ ನೋಡಬಹುದು. ಸಹಿ ಹಾಕುವ ಮುಂಚೆ ಕರಾರಿನಲ್ಲಿ ನೋಟಿಸ್ ಅವಧಿ ಓದಿ: ಆಗಸ್ಟಿನಲ್ಲಿ ಸರ್ಕಾರಿ ಸೀಟು ಸಿಕ್ಕಿ ನೀವು ಹಿಂದೆ ಸರಿದರೆ ಒಂದು ಟರ್ಮ್ ಫೀಸ್ ಕಟ್ಟಬೇಕಾಗಿ ಬರುವುದು ಸಾಮಾನ್ಯ.

ಮನೆಯಲ್ಲೇ ಓದಿಸಬಹುದಾ?

ಕಾನೂನಿನಲ್ಲಿ ಅವಕಾಶವಿದೆ. 1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್ ಮಗುವಿಗೆ ತಕ್ಕ ಪೂರ್ಣಾವಧಿ ಶಿಕ್ಷಣವನ್ನು ಶಾಲೆಯಲ್ಲಿ ‘ಅಥವಾ ಬೇರೆ ರೀತಿಯಲ್ಲಿ’ ಕೊಡಿಸಬೇಕು ಎನ್ನುತ್ತದೆ. ನ್ಯಾಷನಲ್ ಕರಿಕ್ಯುಲಮ್ ಅನುಸರಿಸಲೇಬೇಕೆಂದಿಲ್ಲ. ಖರ್ಚೆಲ್ಲ ನಿಮ್ಮದು. 16ನೇ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ ಪ್ರೈವೇಟ್ ಅಭ್ಯರ್ಥಿಯಾಗಿ ಸೆಂಟರ್ ಹುಡುಕಿ ಪ್ರತಿ ವಿಷಯಕ್ಕೂ ಫೀಸ್ ಕಟ್ಟಬೇಕು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಕೇವಲ ಸಿಟ್ಟಿಗೆ ಈ ದಾರಿ ಹಿಡಿಯುವುದನ್ನು ನಾನು ಒಪ್ಪಲಾರೆ. ಇಷ್ಟಪಟ್ಟು ಮಾಡುವವರ ಮಾತು ಬೇರೆ.

ಸಿಕ್ಕ ಶಾಲೆ ತುಂಬ ದೂರ. ಬಸ್ ಖರ್ಚು ಯಾರದು?

ಎಂಟು ವರ್ಷ ಮೇಲ್ಪಟ್ಟ ಮಗುವಿಗೆ, ಸೀಟಿರುವ ಸೂಕ್ತ ಶಾಲೆಗಳಲ್ಲಿ ಅತಿ ಹತ್ತಿರದ್ದೇ 3 ಮೈಲಿಗಿಂತ ಆಚೆ ಇದ್ದರೆ ಕೌನ್ಸಿಲ್ ಉಚಿತ ಪ್ರಯಾಣದ ವ್ಯವಸ್ಥೆ ಮಾಡಬೇಕು. ಕಡಿಮೆ ಆದಾಯದ ಕುಟುಂಬಗಳಿಗೆ ಇನ್ನಷ್ಟು ಸಡಿಲಿಕೆ ಇದೆ. ಹತ್ತಿರದಲ್ಲಿ ಸೀಟಿದ್ದೂ ನೀವೇ ದೂರದ್ದನ್ನು ಆರಿಸಿದ್ದರೆ ಇಲ್ಲ. ಲಂಡನ್ನಿನಲ್ಲಿ 11ರಿಂದ 15ರ ಮಕ್ಕಳಿಗೆ ಜಿಪ್ ಆಯ್ಸ್ಟರ್ ಕಾರ್ಡ್ ಇದ್ದರೆ ಬಸ್ಸು, ಟ್ರ್ಯಾಮ್ ಉಚಿತ. ಬೇಸಿಗೆ ರಜೆಯಲ್ಲೇ ಮಾಡಿಸಿಡಿ.

ಆ ಶಾಲೆ ನಿಜಕ್ಕೂ ಕೆಟ್ಟದ್ದಾ?

ಹೋಗಿ ನೋಡಿದ್ದೀರಾ? ಹೆಚ್ಚಿನವರು ನೋಡಿರುವುದಿಲ್ಲ. ಹೆಸರು ಕೇಳಿದ ತಕ್ಷಣ ಮೂಗು ಮುರಿಯುತ್ತೇವೆ, ಅದೂ ಹತ್ತು ವರ್ಷದ ಹಿಂದಿನ ಮಾತು ನಂಬಿಕೊಂಡು.

‘ಔಟ್‌ಸ್ಟ್ಯಾಂಡಿಂಗ್’ ಬ್ಯಾನರನ್ನೂ ಸ್ವಲ್ಪ ಅನುಮಾನದಿಂದಲೇ ನೋಡಿ. ಆ ದರ್ಜೆ ಪಡೆದ ಶಾಲೆಗಳಿಗೆ 2012ರಿಂದ 2020ರವರೆಗೆ ಶಾಲೆಗಳನ್ನು ತಪಾಸಣೆ ಮಾಡುವ ಸಂಸ್ಥೆ ಆಫ್‌ಸ್ಟೆಡ್‌ನ ಮಾಮೂಲಿ ತಪಾಸಣೆಯಿಂದಲೇ ವಿನಾಯಿತಿ ಇತ್ತು. 2024ರ ಸೆಪ್ಟೆಂಬರಿನಿಂದ ಇಡೀ ಶಾಲೆಗೆ ಒಂದೇ ಪದದ ದರ್ಜೆ ಕೊಡುವುದನ್ನೇ ನಿಲ್ಲಿಸಿದ್ದಾರೆ. ಮಕ್ಕಳು ಎಷ್ಟು ಮುಂದೆ ಬಂದರು ಎಂದು ತೋರಿಸುವ ಪ್ರೋಗ್ರೆಸ್ ಏಯ್ಟ್ ಅಂಕಿಯೂ 2025, 2026ರ ಜಿಸಿಎಸ್‌ಇ ತಂಡಗಳಿಗೆ ಇಲ್ಲ, ಏಕೆಂದರೆ ಆ ಮಕ್ಕಳು ಇಯರ್ ಸಿಕ್ಸ್‌ನಲ್ಲಿದ್ದಾಗ ಕೋವಿಡ್‌ನಿಂದ, ಆ ಅಳತೆಗೆ ಆಧಾರವಾದ ಸ್ಯಾಟ್ಸ್ ಪರೀಕ್ಷೆ ನಡೆಯಲೇ ಇಲ್ಲ. ಹಾಗಾಗಿ ಕೋಷ್ಟಕ ನೋಡುತ್ತ ರಾತ್ರಿ ಕಳೆಯುವುದಕ್ಕಿಂತ ಶಾಲೆಗೆ ಫೋನ್ ಮಾಡಿ, ಪಾಠ ನಡೆಯುವ ದಿನವೇ ಒಮ್ಮೆ ಒಳಗೆ ನೋಡಬಹುದಾ ಎಂದು ಕೇಳಿ. ಮೇಲಿನ ಸೆಟ್‌ನ ಗಣಿತಕ್ಕೆ ಖಾಯಂ ಟೀಚರ್ ಇದ್ದಾರಾ? ಟ್ರಿಪಲ್ ಸೈನ್ಸ್ ಇದೆಯಾ? ಪಾಠ ಬದಲಾಗುವ ಹೊತ್ತಿನಲ್ಲಿ ಕಾರಿಡಾರಿನಲ್ಲಿ ಮಕ್ಕಳು ಹೇಗಿರುತ್ತಾರೆ? ಆ ಐದು ನಿಮಿಷದಲ್ಲಿ ಸಿಗುವ ಉತ್ತರ ಯಾವ ವರದಿಯಲ್ಲೂ ಇರುವುದಿಲ್ಲ.

ಮಗುವಿಗೆ ಹೇಗೆ ಹೇಳುವುದು? ಊರಿನಲ್ಲಿ ಏನು ಹೇಳುವುದು?

ಮಗುವಿಗೆ ಅವತ್ತೇ, ನೇರವಾಗಿ ಹೇಳಿ. ಮರುದಿನ ಕ್ಲಾಸಿನಲ್ಲಿ ಅದೇ ಮಾತು ಇರುತ್ತದೆ. ‘ನೀನು ಇನ್ನೂ ಚೆನ್ನಾಗಿ ಓದಿದ್ದರೆ’ ಎಂಬುದು ಬಾಯಿಗೆ ಬರಬಾರದು. ಗ್ರಾಮರ್ ಬಿಟ್ಟರೆ ಹೆಚ್ಚಿನ ಕಡೆ ಸೀಟು ನಿರ್ಧಾರವಾದದ್ದು ಮನೆಯ ವಿಳಾಸದಿಂದ, ಮಗುವಿನ ಬುದ್ಧಿಯಿಂದಲ್ಲ. ‘ಸದ್ಯಕ್ಕೆ ಈ ಶಾಲೆ ಇದೆ, ಇನ್ನೊಂದಕ್ಕೂ ಕೇಳುತ್ತಿದ್ದೇವೆ, ಯಾವುದಾದರೂ ಸರಿ’ ಎಂದರೆ ಸಾಕು. ಅಪೀಲು ಗೆದ್ದೇ ಗೆಲ್ಲುತ್ತೇವೆ ಎಂದು ಮಾತು ಕೊಡಬೇಡಿ.

ರಾತ್ರಿ ಊರಿನಿಂದ ಅಜ್ಜಿ ವಿಡಿಯೋ ಕಾಲ್ ಮಾಡುತ್ತಾರೆ. ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೆ ಎಂದು ನಾವು ಅಡುಗೆಮನೆಯಿಂದಲೇ ಜೋರಾಗಿ ಶುರು ಮಾಡುತ್ತೇವೆ: ‘ಅಯ್ಯೋ ಬಿಡಮ್ಮ, ದರಿದ್ರ ಸ್ಕೂಲು ಸಿಕ್ಕಿದೆ, ಎಲ್ಲ ದಂಡ.’ ಮೆಟ್ಟಿಲ ಮೇಲೆ ಕೂತ ಮಗುವಿಗೆ ‘ಸೌತೆಕಾಯಿ’ ಗೊತ್ತಿರಲಿಕ್ಕಿಲ್ಲ, ‘ದಂಡ’ ಚೆನ್ನಾಗಿ ಗೊತ್ತಿರುತ್ತದೆ. ಸೆಪ್ಟೆಂಬರಿನಲ್ಲಿ ಅದೇ ಶಾಲೆಯ ಬ್ಲೇಜರ್ ಹಾಕಿಕೊಂಡು ಹೊರಡುವುದು ಆ ಮಗುವೇ. ಜುಲೈನ ಇಂಡಕ್ಷನ್ ದಿನಕ್ಕೆ, ಅಪೀಲು ಬಾಕಿ ಇದ್ದರೂ, ತಪ್ಪದೆ ಕಳಿಸಿ.

ಅಪೀಲು ಸೋತೆವು, ಲಿಸ್ಟ್ ಅಲುಗಲಿಲ್ಲ, ಶಾಲೆ ಶುರುವಾಯಿತು. ಇನ್ನೇನೂ ದಾರಿಯಿಲ್ಲವಾ?

ಇದೆ, ಆದರೆ ಆತುರ ಬೇಡ. ಕ್ರಿಸ್‌ಮಸ್‌ವರೆಗೆ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಇರಲಿ. ನವೆಂಬರಿನಲ್ಲಿ ಸೀಟು ತೆರೆದರೆ, ಆಗ ಮಗುವನ್ನು ಕೇಳಿ: ಅಷ್ಟು ಹೊತ್ತಿಗೆ ಗೆಳೆಯರಾಗಿ, ಟೀಚರುಗಳ ಅಡ್ಡಹೆಸರು ಕಲಿತು, ‘ಬೇಡ, ಇಲ್ಲೇ ಇರ್ತೀನಿ’ ಎನ್ನುವ ಮಕ್ಕಳು ಬಹಳ. ಹೊಸ ಶಾಲಾ ವರ್ಷಕ್ಕೆ ಹೊಸದಾಗಿ ಇನ್-ಇಯರ್ ಅರ್ಜಿ ಹಾಕಬಹುದು, ಅದು ನಿರಾಕರಣೆಯಾದರೆ ಮತ್ತೆ ಅಪೀಲಿನ ಹಕ್ಕು ಬರುತ್ತದೆ. ಕೆಲವು ಗ್ರಾಮರ್‌ಗಳು ಮುಂದಿನ ತರಗತಿಗಳಿಗೂ ಪರೀಕ್ಷೆ ಇಟ್ಟು ತೆಗೆದುಕೊಳ್ಳುತ್ತವೆ. ಎಂಜಿನಿಯರಿಂಗ್ ಒಲವಿದ್ದರೆ ಯೂನಿವರ್ಸಿಟಿ ಟೆಕ್ನಿಕಲ್ ಕಾಲೇಜುಗಳು ಸಾಮಾನ್ಯವಾಗಿ 14ನೇ ವಯಸ್ಸಿಗೆ ಸೇರಿಸಿಕೊಳ್ಳುತ್ತವೆ.

16ಕ್ಕೆ ಸಿಕ್ಸ್ತ್ ಫಾರ್ಮ್ (ನಮ್ಮ ಪಿಯುಸಿಯಂಥ ಕೊನೆಯ ಎರಡು ವರ್ಷ) ಬಂದಾಗ ಲೆಕ್ಕವೇ ಬದಲಾಗುತ್ತದೆ. ಈಗ ಕೈತಪ್ಪಿದ ಅದೇ ಶಾಲೆ, ಗ್ರಾಮರ್ ಆದರೂ ಸರಿ, ಹೊರಗಿನ ಮಕ್ಕಳನ್ನು ಜಿಸಿಎಸ್‌ಇ ಗ್ರೇಡ್ ನೋಡಿ ತೆಗೆದುಕೊಳ್ಳುವುದು ಸಾಮಾನ್ಯ. ಆ ಅರ್ಜಿಯನ್ನು ಕೌನ್ಸಿಲ್‌ಗಲ್ಲ, ನೇರವಾಗಿ ಶಾಲೆಗೇ ಹಾಕುವುದು ವಾಡಿಕೆ. ಇಯರ್ ಇಲೆವೆನ್‌ನ ಅಕ್ಟೋಬರ್, ನವೆಂಬರಿನಲ್ಲಿ ಸಿಕ್ಸ್ತ್ ಫಾರ್ಮ್ ಓಪನ್ ಈವನಿಂಗ್‌ಗಳು ಶುರುವಾಗುತ್ತವೆ, ಅಷ್ಟರಲ್ಲಿ ಯಾವ ವಿಷಯಕ್ಕೆ ಯಾವ ಗ್ರೇಡ್ ಕೇಳುತ್ತಾರೆ ಎಂದು ನೋಡಿಟ್ಟುಕೊಳ್ಳಿ.